ಬೆಕ್ಕಿನ ಕಣ್ಣಿಗೆ ಮೂವತ್ತು ಸೂಜಿ

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಸೂಜಿಗಳ ವಾಸಸ್ಥಾನ ಗೋಡೆಯ ಕ್ಯಾಲೆಂಡರು. ಅಮಾವಾಸ್ಯೆ ಹುಣ್ಣಿಮೆಗಳೆನ್ನದೆ ತಾರೀಖಿನ ತುಂಬ ತೂತು. ಅಜ್ಜಿ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯಲು ಕೂತಳೆಂದರೆ ದಾರ ಪೋಣಿಸಿಕೊಡುವ ಅಧಿಕಾರ ನನ್ನೊಬ್ಬಳದೇ. ನನ್ನವು ಹಸಿರು ಬೆರೆತ ಬೆಕ್ಕಿನ ಕಣ್ಣು, ಮುಸ್ಸಂಜೆಯ ಮಬ್ಬಿನಲ್ಲೂ ಗುರಿ ತಪ್ಪದವು. ಆ ಕಣ್ಣುಗಳ ಮೇಲೆ ನನಗೆಷ್ಟು ಸಿಟ್ಟಿತ್ತು ಎಂದರೆ ನೀವು ನಂಬಲಾರಿರಿ.

ಸಿರಿಗೆರೆಯ ಕಾಲೇಜು ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ‘ಮ್ಯಾಂವ್’ ಕೇಳಿಸುತ್ತಿದ್ದುದನ್ನು ಹೇಗೋ ಸಹಿಸಿದ್ದೆ. ಆದರೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಪೂರ್ತಿ ಮುಗಿಸಿ, “ಕಣ್ಣೊಂದು ಕಪ್ಪಗಿದ್ದಿದ್ರೆ...” ಎಂದು ಎದ್ದುಹೋದ ದಿನ ಮಾತ್ರ ಗಳಗಳನೆ ಅತ್ತೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪರದೇಶದಲ್ಲಿ ಆಪರೇಷನ್ ಮಾಡಿ ಕಣ್ಣೊಳಗೆ ಬಣ್ಣದ ಬಿಲ್ಲೆ ಕೂರಿಸುತ್ತಾರಂತೆ ಎಂದು ವಾರಪತ್ರಿಕೆಯೊಂದರಲ್ಲಿ ಓದಿದ್ದೇ ತಡ, ಚಿತ್ರದುರ್ಗದ ಕಣ್ಣಿನ ಡಾಕ್ಟರನ್ನು ವಿಚಾರಿಸಲು ಹೊರಟು ನಿಂತೆ.

ಅಜ್ಜಿ ಬಾಗಿಲಿಗೆ ಅಡ್ಡ ಬರಲಿಲ್ಲ. ಸಂತೆಯಿಂದ ತಂದ ಹೊಸ ಸೂಜಿಗಳ ಜೊತೆ ದಾರದುಂಡೆ ತಂದು ಮುಂದಿಟ್ಟಳು.

“ಲೇ, ಮೂವತ್ತು ಅವೆ. ಕಣ್ಣು ಇರೋವಾಗ್ಲೇ ಎಲ್ಲಾ ಪೋಣಿಸಿ ಹೋಗು. ಆಮ್ಯಾಕೆ ನಾನು ಯಾರನ್ನ ಕರೀಲಿ?”

ನಗುತ್ತಲೇ ಪೋಣಿಸಿದೆ, ಇಪ್ಪತ್ತನೆಯದರ ಹೊತ್ತಿಗೆ ನಗು ನಿಂತಿತ್ತು. ಮೊದಲ ಬಸ್ಸೂ ತಪ್ಪಿತು, ಮುಂದಿನದನ್ನು ಹಿಡಿದೆ.

ಡಾಕ್ಟರು ನನ್ನ ಮಾತು ಕೇಳಿ ಗಂಭೀರರಾದರು. “ನೋಡಮ್ಮ, ಚೆನ್ನಾಗಿರೋ ಕಣ್ಣೊಳಗೆ ಬಿಲ್ಲೆ ತುರುಕಿದ್ರೆ ಅದು ಉಜ್ಜುತ್ತಾ ಇರ್ತೈತೆ. ಒಳಗಿನ ಒತ್ತಡ ಏರಿ ನರ ಸಾಯಬಹುದು, ಮುಂದಿನ ಪೊರೆ ಮಬ್ಬಾಗಬಹುದು. ಬಿಲ್ಲೆ ತೆಗೆಸಿದ್ರೂ ಸತ್ತ ನರ ಬದುಕಲ್ಲ. ಅದಿರ್ಲಿ, ನಿನಗೀಗ ಏನು ಕಾಣಲ್ಲ?”

“ಎಲ್ಲಾ ಕಾಣ್ತೈತೆ, ಸಾರ್.”

“ಮತ್ತೆ ಇಲ್ಲಿಗ್ಯಾಕೆ ಬಂದೆ?”

ಅಯ್ಯೋ, ಎಂಥ ಪೆದ್ದಿ ನಾನು! ಮರಳುವ ಬಸ್ಸಿನ ಕಿಟಕಿಯಲ್ಲಿ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಮೋಡದ ನೆರಳು ಸಾವಕಾಶ ನಡೆಯುತ್ತಿತ್ತು. ಬೇಲಿಯ ಮೇಲಿನ ಓತಿಕ್ಯಾತ ಕತ್ತು ಕುಣಿಸುವುದೂ ನಿಚ್ಚಳವಾಗಿ ಕಂಡಿತು. ಬಂದವರು ನನ್ನ ಕಣ್ಣನ್ನು ನೋಡುವುದು ಉಪ್ಪಿಟ್ಟು ತಿನ್ನುವಷ್ಟು ಹೊತ್ತು. ನಾನು ಆ ಕಣ್ಣಿನಿಂದ ನೋಡಬೇಕಾದದ್ದು ಆಯುಷ್ಯವಿಡೀ. ಇಷ್ಟು ಹೊಳೆಯಲು ದುರ್ಗಕ್ಕೆ ಟಿಕೆಟು ತೆಗೆಸಬೇಕಾಯಿತಲ್ಲ ಎಂದು ಒಬ್ಬಳೇ ನಕ್ಕೆ, ಕಂಡಕ್ಟರು ತಿರುಗಿ ನೋಡುವಷ್ಟು.

“ಮಾಡಿಸಲ್ಲ ಕಣಜ್ಜಿ,” ಎಂದೆ ಮನೆಗೆ ಬಂದು.

ಅಜ್ಜಿ ಕ್ಯಾಲೆಂಡರಿನ ಮುಂದೆ ನಿಂತು ಮೂವತ್ತು ಸೂಜಿಗಳ ದಾರವನ್ನೂ ಒಂದೊಂದಾಗಿ ಎಳೆದು ತೆಗೆದಳು. ಬರಿಯ ಸೂಜಿಗಳನ್ನು ತಾರೀಖಿಗೊಂದರಂತೆ ಚುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ದಿನಾ ಒಂದೊಂದು ಪೋಣಿಸ್ಕೊಡು. ಅವಸರ ಏನೈತೆ?”