ಕಲ್ಲಿನ ಜೊತೆ ಬಂದ ಹವಳ

ಶೃಂಗೇರಿಯ ಹೊಳೆಮೆಟ್ಟಿಲಲ್ಲಿ ಕೂತು ಗೀಚುತ್ತಿದ್ದೇನೆ, ಜಾರುವ ಹೆದರಿಕೆಗೆ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡೇ. ಪಕ್ಕದಲ್ಲಿ ತಂಗಿಯ ಮಗಳು ಸುಮಾ. ಕಡಲಡಿಯಲ್ಲಿ ಜ್ವಾಲಾಮುಖಿ ಕಟ್ಟಿದ ಪ್ರಸ್ಥಭೂಮಿಯೊಂದಕ್ಕೆ ಕಬ್ಬಿಣದ ಬುಟ್ಟಿ ಇಳಿಸಿ, ಕಲ್ಲು ಎತ್ತಿ ಪರೀಕ್ಷಿಸುವುದು ಅವಳ ಕೆಲಸ. ನಾಡಿದ್ದು ಮತ್ತೆ ಹಡಗು ಹತ್ತಬೇಕು.

"ಹಡಗು ಮುಳುಗಿದರೆ ಎಂತ ಮಾಡ್ತಿ?" ಎಂದೆ.

"ನೀನು ಮೊದಲು ಮೆಟ್ಟಿಲಿಂದ ಬೀಳಬೇಡ ಮಾರಾಯ," ಎಂದವಳು ದನಿ ತಗ್ಗಿಸಿದಳು. "ಹೋಗೋಕೇ ಮನಸ್ಸಿಲ್ಲ ಮಾವ. ಹೋದ ಸಲ ಕಲ್ಲಿನ ಜೊತೆ ಒಂದು ಹವಳ ಮುರಿದು ಬಂತು. ಈ ದೇವಸ್ಥಾನಕ್ಕಿಂತ ಹಳೇದು. ಇನ್ನೂ ಜೀವ ಇತ್ತು."

ಹವಳಕ್ಕೆ ಅಷ್ಟು ಆಯುಸ್ಸೆಂದು ನನಗೆ ಗೊತ್ತಿರಲಿಲ್ಲ. ಮೀನಿಗೆ ಹಾಕಲು ತಂದಿದ್ದ ಮಂಡಕ್ಕಿ ಪೊಟ್ಟಣ ಅವಳ ಕೈಗಿಟ್ಟೆ. ಯಾರೂ ಹಿಡಿಯದ ದೇವರ ಮೀನುಗಳು ಬಾಯಿ ತೆರೆದು ಅವಳ ಕಾಲಬಳಿ ಮುತ್ತಿದವು.

ಪೊಟ್ಟಣ ಬಿಚ್ಚದೆ ಹೇಳಿದಳು: "ನನ್ನ ನೋಡಿ ಇವು ಓಡಬೇಕಿತ್ತು."