ಇಡ್ಲಿಯ ಕೆಳಗೆ ಕಂಡದ್ದು

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಯಲಹಂಕದ ದರ್ಶಿನಿಯೊಂದರಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕ ನಿಂತಿದ್ದೆ. ಜೊತೆಗೆ ಹುಬ್ಬಳ್ಳಿಯಿಂದ ಬಂದಿದ್ದ ಹಳೆಯ ಗೆಳೆಯರು, ಬಸು ಮತ್ತು ಸಲೀಂ. "ಅಣ್ಣಾರ, ಇವರ ಹಾರ್ಟಿಗೆ ಕರಿದದ್ದು ಆಗೂದಿಲ್ಲ, ತಿನ್ನಾಕ ಬಿಡಬ್ಯಾಡ್ರಿ" ಎಂದು ಬಸುವಿನ ಹೆಂಡತಿ ಗೌರಕ್ಕ ಫೋನಿನಲ್ಲಿ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಅದು ಆ ಬೆಳಗಿನ ಮೂರನೇ ಹೋಟೆಲು. ಎಲ್ಲ ಕಡೆಯೂ ಬಸು ಸಾಂಬಾರಿನಲ್ಲಿ ಮುಳುಗಿದ ಇಡ್ಲಿಯನ್ನೇ ತಂದುಕೊಂಡಿದ್ದ. ಅಷ್ಟರಲ್ಲಿ ಕೌಂಟರಿನವರು ಕೂಗಿದರು: "ಸಾರ್, ನೀವ್ ಹೇಳ್ದಂಗೆ ವಡೆ ಇಡ್ಲಿ ಕೆಳಗೆ ಮುಚ್ಚಿಟ್ಟಿದ್ದೀನಿ."

ಬಸುವಿನ ತಟ್ಟೆಯ ಇಡ್ಲಿ ಸರಿಸಿ ನೋಡಿದೆ. ಎರಡಿದ್ದವು.

"ನೆನದ ಮ್ಯಾಲ ಅದು ಕರಿದದ್ದು ಹೆಂಗಾಕ್ಕೈತಿ ಲೇ?" ಎಂದ ಬಸು. ಕೊಟ್ಟ ಮಾತು ಉಳಿಸಲು ಎರಡನ್ನೂ ನಾನೇ ತಿಂದೆ.

ಇದನ್ನು ಕಣ್ಣಾರೆ ಕಂಡವರಲ್ಲಿ ಸಲೀಂ, ಕೌಂಟರಿನವರು ಮತ್ತು ನಾನು ಬದುಕಿದ್ದೇವೆ. ಗೌರಕ್ಕ ಈ ಪತ್ರಿಕೆ ಓದುವವರೆಗೆ ಬಸುವೂ ಬದುಕಿರುತ್ತಾನೆ.