ನಂಜನಗೂಡಿಗೆ ಹೊತ್ತೊಯ್ದ ಟೈಪ್‌ರೈಟರ್

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಒಂದು ಟೈಪ್‌ರೈಟರ್. ಈಗ ನನ್ನ ಹತ್ತಿರ ಹನ್ನೊಂದಿವೆ. ಗುಜರಿ ಅಂಗಡಿಗಳಲ್ಲಿ, ಬಾಗಿಲು ಮುಚ್ಚಿದ ಟೈಪಿಂಗ್ ಶಾಲೆಗಳ ಹಿಂದಿನ ಕೋಣೆಗಳಲ್ಲಿ ಹುಡುಕಿ, ತುಕ್ಕು ಉಜ್ಜಿ, ಎಣ್ಣೆ ಬಿಟ್ಟು ಮತ್ತೆ ಓಡುವಂತೆ ಮಾಡಿದ್ದೇನೆ. ಭಾನುವಾರ ಬಂದರೆ ನೀವು ಮೊಮ್ಮಕ್ಕಳೂ ಬೀದಿಯ ಮಕ್ಕಳೂ ಹಜಾರದ ತುಂಬ ಕೂತು ಕುಟ್ಟುತ್ತೀರಿ. ಕೇಳಿದವರಿಗೆ ವಾರಗಟ್ಟಲೆ ಮನೆಗೂ ಕೊಟ್ಟು ಕಳಿಸುತ್ತೇನೆ. ಮನೆ ಗುಜರಿ ಅಂಗಡಿಯಾಯಿತು ಎಂದು ನಿಮ್ಮ ಅಜ್ಜಿಗೆ ಕೋಪ. ತಾತನಿಗೆ ಇದೆಂಥ ಹುಚ್ಚು ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ಏನಾದರೊಂದು ಹೇಳಿ ಜಾರಿಕೊಂಡಿದ್ದೇನೆ. ಇವತ್ತು ಜಾರಿಕೊಳ್ಳುವುದಿಲ್ಲ, ಕೇಳಿ.

ಅಪ್ಪ ತಿ. ನರಸೀಪುರದಲ್ಲಿ ತಾಲ್ಲೂಕು ಕಚೇರಿಯ ಎದುರು ಹೊಂಗೆಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದರು. ಸಂಜೆ ಅವರು ಮನೆಗೆ ಬಂದರೆ ಮೆಷಿನ್ ಎಣ್ಣೆಯ ವಾಸನೆಯೂ ಕಾರ್ಬನ್ ಹಾಳೆಯ ವಾಸನೆಯೂ ಜೊತೆಗೆ ಬರುತ್ತಿದ್ದವು. ಅವರು ಕೈಕಾಲು ತೊಳೆಯುವಷ್ಟರಲ್ಲಿ ಅಕ್ಕ ಮೆಷಿನ್ ಮುಂದೆ ಕೂತಾಗಿರುತ್ತಿತ್ತು. ಅವಳಿಗೆ ಹತ್ತೊಂಬತ್ತು, ನನಗೆ ಎಂಟು. ನನಗೆ ಮಾತ್ರ ಅದನ್ನು ಮುಟ್ಟಲು ಯಾರೂ ಬಿಡುತ್ತಿರಲಿಲ್ಲ.

ಅಕ್ಕ ಕನ್ನಡ ಟೈಪಿಂಗ್ ಪರೀಕ್ಷೆ ಕಟ್ಟಿದ್ದಳು. ಒಂದು ಸಲ ಆಗಲೇ ಫೇಲಾಗಿದ್ದಳು. ಅಷ್ಟರಲ್ಲಿ ಹುಲ್ಲಹಳ್ಳಿಯಿಂದ ಒಂದು ಸಂಬಂಧ ಬಂತು. ಗಂಡಿನ ಕಡೆಯವರು ಆತುರದಲ್ಲಿದ್ದರು, ಅವ್ವ ಅವರಿಗಿಂತ ಆತುರದಲ್ಲಿದ್ದಳು. ಅಕ್ಕನಿಗೆ ಅದು ಬೇಡವಾಗಿತ್ತು. ಮೈಸೂರಿನ ಯಾವುದಾದರೂ ಕಚೇರಿಯಲ್ಲಿ ಟೈಪಿಸ್ಟ್ ಆಗಬೇಕು, ತನ್ನದೇ ಮೇಜು ಕುರ್ಚಿ ಇರಬೇಕು ಎಂಬುದೊಂದೇ ಅವಳ ಆಸೆ. ಕೊನೆಗೆ ಅಪ್ಪ ಇಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದರು. "ಈ ಸಲ ಪಾಸಾದ್ರೆ ಅವ್ಳು ಕೆಲ್ಸುಕ್ಕೆ ಓಗ್ಲಿ, ಯಾರೂ ಅಡ್ಡ ಬರಂಗಿಲ್ಲ. ಆಗ್ನಿಲ್ಲ ಅಂದ್ರೆ ಉಲ್ಲಳ್ಳಿಯೋರ್ಗೆ ಊ ಅಂದ್ಬುಡ್ತೀನಿ." ಅಕ್ಕ ತಲೆಯಾಡಿಸಿದಳು. ಅವತ್ತಿನಿಂದ ಅವಳು ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕದಲ್ಲಿ ಎಡಗೈ ಬೆರಳುಗಳು ಆಡುತ್ತಲೇ ಇರುತ್ತಿದ್ದವು.

ಪರೀಕ್ಷೆ ನಂಜನಗೂಡಿನ ಒಂದು ಶಾಲೆಯಲ್ಲಿ. ಆಗ ಅಲ್ಲಿ ಮೆಷಿನ್ ಕೊಡುತ್ತಿರಲಿಲ್ಲ, ಬರೆಯುವವರೇ ತಮ್ಮದನ್ನು ಹೊತ್ತುಕೊಂಡು ಹೋಗಬೇಕಿತ್ತು. ಟೈಪ್‌ರೈಟರಿನ ಮೇಲೆ ಕಾಗದ ಹಿಡಿದುಕೊಂಡು ಸರಿಯುತ್ತದಲ್ಲ, ಅದೇ ಕ್ಯಾರೇಜ್. ಒಂದೊಂದು ಅಕ್ಷರ ಬಿದ್ದಾಗಲೂ ಅದನ್ನು ಎಳೆಯುವುದು ಒಳಗಿರುವ ಒಂದು ತೆಳುವಾದ ಪಟ್ಟಿ. ಹೊತ್ತುಕೊಂಡು ಹೋಗುವಾಗ ಕ್ಯಾರೇಜ್ ಓಲಾಡಿದರೆ ಆ ಪಟ್ಟಿ ಹರಿದುಹೋಗುತ್ತದೆ. ಅದಕ್ಕೇ ಅಪ್ಪ ಅವತ್ತು ಬೆಳಿಗ್ಗೆ ಕ್ಯಾರೇಜನ್ನು ನಡುವಿಗೆ ತಂದು, ಹುರಿಯಿಂದ ಬಿಗಿದು, ಎರಡು ಗಂಟು ಹಾಕಿದರು. ಅಲ್ಲಾಡಿಸಿ ನೋಡಿದರು. ಮೇಲೆ ಹಳೆಯ ಜಮಖಾನ ಹೊದಿಸಿ ಸ್ನಾನಕ್ಕೆ ಹೋದರು.

ಅಕ್ಕ ಅಡುಗೆಮನೆಯಲ್ಲಿ ಅವ್ವನ ಹತ್ತಿರ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಹಜಾರದಲ್ಲಿ ನಾನೂ ಮೆಷಿನ್ನೂ ಇಬ್ಬರೇ. ಒಂದೇ ಒಂದು ಸಲ ನನ್ನ ಹೆಸರು ಹೊಡೆದು ನೋಡಬೇಕು ಎನ್ನಿಸಿತು. ಜಮಖಾನ ಸರಿಸಿದೆ. ಗಂಟು ಬಿಚ್ಚಲು ಉಗುರಿನಲ್ಲಿ ಆಗಲಿಲ್ಲ, ಹಲ್ಲು ಹಾಕಿ ಎಳೆದೆ. ಹುರಿಯ ಧೂಳಿನ ರುಚಿ ನಾಲಿಗೆಗೆ ಹತ್ತಿತು. ಒಂದು ಚೂರು ಕಾಗದ ಸಿಕ್ಕಿಸಿ ಎರಡು ಅಕ್ಷರ ಹುಡುಕಿ ಹೊಡೆಯುವಷ್ಟರಲ್ಲಿ ಬಚ್ಚಲುಮನೆಯ ಬಾಗಿಲ ಸದ್ದಾಯಿತು. ಕಾಗದ ಕಿತ್ತು ಚಡ್ಡಿ ಜೇಬಿಗೆ ತುರುಕಿದೆ, ಹುರಿಯನ್ನು ಚಾಪೆಯ ಕೆಳಗೆ ತಳ್ಳಿದೆ, ಜಮಖಾನ ಎಳೆದು ಮುಚ್ಚಿದೆ. ಅಪ್ಪ ಬಂದು ಜಮಖಾನದ ನಾಲ್ಕೂ ತುದಿ ಸೇರಿಸಿ ಗಂಟು ಕಟ್ಟಿಬಿಟ್ಟರು. ಅದನ್ನು ಬಿಚ್ಚಿ ಒಳಗೆ ಮತ್ತೊಮ್ಮೆ ನೋಡಬೇಕಾದ ಕಾರಣ ಅವರಿಗೇನಿತ್ತು?

ನನ್ನನ್ನೂ ಕರೆದುಕೊಂಡು ಹೋದರು. ಬಸ್ಸು ಕಿಕ್ಕಿರಿದಿತ್ತು. ಮುಂದೆ ಇಂಜಿನ್ ಪಕ್ಕದಲ್ಲಿ ಒಂದು ಚೂರು ಜಾಗ ಸಿಕ್ಕಿತು. ಅಪ್ಪ ನನ್ನನ್ನು ಅಲ್ಲಿ ಕೂರಿಸಿ ಗಂಟನ್ನು ಪಕ್ಕದಲ್ಲಿಟ್ಟು, "ಅವುಚ್ಕೊಂಡ್ ಕೂತ್ಕೊ ಮಗ, ಬುಡ್ಬ್ಯಾಡ" ಎಂದು ಹೇಳಿ ಅಕ್ಕನ ಜೊತೆ ಹಿಂದೆ ನಿಂತುಕೊಂಡರು. ಸ್ವಲ್ಪ ದೂರ ಹೋದ ಮೇಲೆ ಸೊಪ್ಪಿನ ಕುಕ್ಕೆ ಹಿಡಿದ ಹೆಂಗಸೊಬ್ಬಳು ಹತ್ತಿದಳು. ಕಂಡಕ್ಟರ್ ನನ್ನ ಕಡೆ ತಿರುಗಿ, "ಅದ್ನ ವಸಿ ಎತ್ತಿ ನಿಲ್ಸಪ್ಪ, ಆಯಮ್ಮಂಗೂ ಜಾಗ ಆಯ್ತದೆ" ಎಂದು ತಾನೇ ಗಂಟನ್ನು ಪಕ್ಕೆಯ ಮೇಲೆ ನಿಲ್ಲಿಸಿಬಿಟ್ಟ.

ಗಂಟಿನೊಳಗೆ ಕ್ಯಾರೇಜ್ ಕರಕರ ಎಂದು ಜಾರಿ ಕೆಳಕ್ಕೆ ಬಡಿಯಿತು. ಬಸ್ಸು ಗುಂಡಿಗೆ ಇಳಿದಾಗೆಲ್ಲ ಅದು ಮೇಲೆ ಹೋಗಿ ಮತ್ತೆ ಬಡಿಯುತ್ತಿತ್ತು. ನನ್ನೊಬ್ಬನಿಗೇ ಅದು ಕೇಳುತ್ತಿತ್ತು, ನನ್ನೊಬ್ಬನಿಗೇ ಅದು ಏನೆಂದು ಗೊತ್ತಿತ್ತು. ಒಂದು ಸಲ 'ಅಪ್ಪ' ಎಂದು ಕೂಗಿದ್ದರೆ ಸಾಕಿತ್ತು. ಅವರು ಬಂದು ನನ್ನ ಕೆನ್ನೆಗೆ ನಾಲ್ಕು ಬಿಗಿದು ಕ್ಯಾರೇಜನ್ನೂ ಬಿಗಿಯುತ್ತಿದ್ದರು. ಬಾಯಿ ಬರಲಿಲ್ಲ. ಗಂಟನ್ನು ಎರಡೂ ಕೈಯಿಂದ ತಬ್ಬಿಕೊಂಡೆ, ಕೆನ್ನೆ ಒತ್ತಿ ಹಿಡಿದೆ, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕಾಲುವೆಯ ಸೇತುವೆ ಹತ್ತಿ ಇಳಿಯುವಾಗ ಒಳಗೆ ಫಟ್ ಎಂದಿತು.

ಶಾಲೆಯ ಜಗಲಿಯ ಮೇಲೆ ಅಪ್ಪ ಗಂಟು ಬಿಚ್ಚಿದರು. ಕ್ಯಾರೇಜ್ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಅಕ್ಕ ಕಾಗದ ಸಿಕ್ಕಿಸಿ ನಾಲ್ಕು ಅಕ್ಷರ ಹೊಡೆದಳು. ನಾಲ್ಕೂ ಒಂದರ ಮೇಲೊಂದು ಕೂತು ಕಪ್ಪು ಚುಕ್ಕೆಯಾಯಿತು. ಇನ್ನೊಮ್ಮೆ ಹೊಡೆದಳು, ಚುಕ್ಕೆ ಇನ್ನೂ ಕಪ್ಪಾಯಿತು. ಪರೀಕ್ಷೆಗೆ ಅರ್ಧ ಗಂಟೆಯೂ ಇರಲಿಲ್ಲ. ಸುತ್ತ ಎಲ್ಲರೂ ತಮ್ಮ ತಮ್ಮ ಮೆಷಿನ್ ಒರೆಸಿಕೊಳ್ಳುತ್ತಿದ್ದರು. ಬೇರೆ ಮೆಷಿನ್ ಕೇಳೋಣವೆಂದರೆ ಕನ್ನಡದ್ದು ಒಬ್ಬರ ಹತ್ತಿರವೂ ಹೆಚ್ಚಿಗೆ ಇರಲಿಲ್ಲ. ಅಪ್ಪ ಮೆಷಿನ್ ಬೋರಲು ಹಾಕಿ ಹರಿದ ಪಟ್ಟಿಯನ್ನು ಈಚೆಗೆ ಎಳೆದರು. ಜೇಬಿನಲ್ಲಿದ್ದ ಹೊಲಿಗೆ ದಾರ ನಾಲ್ಕು ಎಳೆ ಸೇರಿಸಿ ಕಟ್ಟಿದರು, ಮೊದಲ ಎಳೆತಕ್ಕೇ ತುಂಡಾಯಿತು.

ಆಗ ಅವರು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ಅಂಗಿ ಎತ್ತಿದರು. ನನ್ನ ಸೊಂಟದಲ್ಲಿ ಕಪ್ಪು ಉಡಿದಾರವಿತ್ತು. ಹೊಸದನ್ನು ಕಟ್ಟದೆ ಹಳೆಯದನ್ನು ತೆಗೆಯುವುದು ನಮ್ಮಲ್ಲಿ ದೊಡ್ಡ ಅಪಶಕುನ. ಗಂಡುಮಗುವಿನ ಸೊಂಟವನ್ನು ಬರಿದಾಗಿ ಬಿಡುವಂತಿಲ್ಲ. ಅಪ್ಪ ಒಂದು ಗಳಿಗೆ ಕಣ್ಣು ಮುಚ್ಚಿ ಬ್ಲೇಡಿನಿಂದ ಅದನ್ನು ಕತ್ತರಿಸಿದರು. ನನ್ನ ಚಡ್ಡಿಗೂ ಅದೇ ಆಧಾರ. ಹಾಗಾಗಿ ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ನಿಂತೆ. ಅಪ್ಪ ದಾರವನ್ನು ಒಳಗೆ ಪೋಣಿಸಿ ಕಟ್ಟಿದರು. ಅಕ್ಕ ಹೊಡೆದಳು. ಕ್ಯಾರೇಜ್ ಸರಿಯಿತು. ಅಪ್ಪ ನನ್ನ ತಲೆ ಸವರಿ, "ನೋಡವ್ವ, ನಿನ್ ತಮ್ಮ ನಿನ್ ಪರೀಕ್ಷೆ ಉಳಿಸ್ದ" ಎಂದರು. ಅಕ್ಕ ಬಗ್ಗಿ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಆ ಮುತ್ತು ಬಿದ್ದ ಜಾಗವನ್ನು ಉಜ್ಜಿ ತೆಗೆಯಬೇಕು ಎನ್ನಿಸಿತು.

ಗಂಟೆ ಹೊಡೆಯಿತು. ನಾವಿಬ್ಬರೂ ಕಿಟಕಿಯ ಹೊರಗೆ ನಿಂತೆವು. ಹುರಳಿ ಹುರಿದ ಹಾಗೆ ಇಪ್ಪತ್ತು ಮೆಷಿನ್ನುಗಳು ಒಟ್ಟಿಗೆ ಶುರುವಾದವು. ಅಷ್ಟು ಸದ್ದಿನಲ್ಲೂ ಅಪ್ಪನಿಗೆ ನಮ್ಮದರ ಸದ್ದು ಬೇರೆಯಾಗಿ ಕೇಳುತ್ತಿತ್ತು. ಮೊದಲು ಚೆನ್ನಾಗಿಯೇ ಹೋಯಿತು. ಆಮೇಲೆ ನಿಂತಿತು. ಹಳೆಯ ಉಡಿದಾರದ ಒಂದು ಗಂಟು ಎಲ್ಲೋ ಸಿಕ್ಕಿಕೊಂಡಿತ್ತು. ಅಕ್ಕ ಎಡಗೈಯಲ್ಲಿ ಕ್ಯಾರೇಜ್ ತಳ್ಳುತ್ತ ಬಲಗೈಯಲ್ಲಿ ಹೊಡೆದಳು. ತಳ್ಳುವುದು, ಹೊಡೆಯುವುದು, ಕೆನ್ನೆಯ ಮೇಲಿನ ನೀರನ್ನು ಹೆಗಲಿಗೆ ಒರೆಸಿಕೊಳ್ಳುವುದು. ಅಪ್ಪ ಕಿಟಕಿಯ ಸರಳು ಹಿಡಿದುಕೊಂಡು ಬೆರಳುಗಳನ್ನು ಆಡಿಸುತ್ತಿದ್ದರು, ತಾವೇ ಹೊಡೆಯುತ್ತಿರುವಂತೆ. ನಿಲ್ಲಿಸಿ ಎಂದು ಒಳಗಿನಿಂದ ಹೇಳಿದಾಗ ಅಕ್ಕನ ಹಾಳೆಯಲ್ಲಿ ಅರ್ಧ ಪುಟ ಬಾಕಿಯಿತ್ತು.

ಬಸ್‌ ನಿಲ್ದಾಣದಲ್ಲಿ ಅಪ್ಪ ಗಂಟನ್ನು ಕೆಳಗಿಟ್ಟರು. ಮೆಲ್ಲಗೆ, "ನಂದೇ ತಪ್ಪು ಕಣವ್ವ. ಕಟ್ಟಿದ್ದು ಸಡ್ಲ ಆಗ್ ಬಿಚ್ಕಂಡದೆ" ಎಂದರು. ಹುರಿ ಗಂಟಿನಿಂದ ಬಸ್ಸಿನಲ್ಲೆಲ್ಲೋ ನುಸುಳಿ ಬಿದ್ದಿರಬೇಕು ಎಂದುಕೊಂಡಿದ್ದರು. ಅಕ್ಕ ಅವರ ಮುಖ ನೋಡಲಿಲ್ಲ. "ಒಂದ್ ಗಂಟ್ ಆಕಕ್ಕೂ ಆಗ್ನಿಲ್ವಾಪ್ಪ ನಿಂಗೆ?" ಎಂದಳು. ನಾನು ಅವರಿಬ್ಬರ ನಡುವೆ ಚಡ್ಡಿ ಹಿಡಿದುಕೊಂಡು ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಅಕ್ಕ ಪಾಸಾಗಲಿಲ್ಲ. ಹುಲ್ಲಹಳ್ಳಿಗೆ ಕೊಟ್ಟರು. ಮದುವೆಯವರೆಗೂ, ಆಮೇಲೂ, ಅವಳು ಅಪ್ಪನ ಜೊತೆ ಕೇಳಿದ್ದಕ್ಕೆ ಉತ್ತರ ಹೇಳಿದಳೇ ಹೊರತು ತಾನಾಗಿ ಒಂದು ಮಾತು ಆಡಲಿಲ್ಲ. ಅಪ್ಪ ಅದನ್ನು ತಮಗೆ ಬರಬೇಕಾದ ಶಿಕ್ಷೆ ಎಂಬಂತೆ ಸಹಿಸಿಕೊಂಡರು. ಹಾಗೆಯೇ ಒಂದು ದಿನ ಹೋಗಿಬಿಟ್ಟರು. ಮೊದಲು ಏಟಿನ ಭಯಕ್ಕೆ ಸುಮ್ಮನಿದ್ದೆ, ಆಮೇಲೆ ನಾಚಿಕೆಗೆ, ಆಮೇಲೆ ಇನ್ನೇನು ಪ್ರಯೋಜನ ಎಂದು. ಮುರಿದ ಟೈಪ್‌ರೈಟರ್ ಎಲ್ಲಿ ಕಂಡರೂ ನಾನು ಮನೆಗೆ ತರುವುದು, ಅಕ್ಷರ ಹೊಡೆಯಬೇಕು ಎಂದು ಬಂದ ಯಾವ ಮಗುವನ್ನೂ ಬೇಡವೆನ್ನದೆ ಕೂರಿಸಿಕೊಳ್ಳುವುದು ಇದಕ್ಕೇ. ಹನ್ನೊಂದು ರಿಪೇರಿಯಾಗಿವೆ. ಅವತ್ತಿನದು ಆಗಿಲ್ಲ.

ನಿಮ್ಮಲ್ಲಿ ಒಬ್ಬರು ಇನ್ನೊಬ್ಬರಿಗೆ ತಪ್ಪು ಮಾಡಿದರೆ ಫೋನಿನಲ್ಲಿ ಸಾರಿ ಎಂದು ಕಳಿಸುತ್ತೀರಿ. ಆ ಕಡೆಯಿಂದ ಒಂದು ಹೆಬ್ಬೆರಳು ಬರುತ್ತದೆ, ಇಬ್ಬರೂ ಮತ್ತೆ ಆಟಕ್ಕೆ ಹೋಗುತ್ತೀರಿ. ಇದೂ ಒಂದು ಕ್ಷಮೆ ಕೇಳುವ ರೀತಿಯೇ ಎಂದು ನಾನು ಆಡಿಕೊಳ್ಳುತ್ತಿದ್ದೆ. ಈಗ ನಿಮ್ಮನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ಹತ್ತಿರವೂ ಫೋನಿದೆ, ಅಕ್ಕ ದಿನಾ ಸಂಜೆ ಮಾಡುತ್ತಾಳೆ. ಮಂಡಿನೋವಿನ ಮಾತಾಡಿ ಇಟ್ಟುಬಿಡುತ್ತೇವೆ.

ಇದನ್ನೆಲ್ಲ ನಾನೇ ಟೈಪ್ ಮಾಡಿದ್ದೇನೆ. ಬರುವ ಭಾನುವಾರ ಮೆಷಿನ್ನುಗಳಿಗೆ ರಜ, ನೀವೆಲ್ಲ ನನ್ನ ಜೊತೆ ಹುಲ್ಲಹಳ್ಳಿಗೆ ಬನ್ನಿ. ಅಕ್ಕನಿಗೆ ಕಣ್ಣು ಮಂಜಾಗಿದೆ, ಯಾರಾದರೂ ಓದಿ ಹೇಳಬೇಕು, ನನ್ನ ಕೈಲಿ ಆಗುವುದಿಲ್ಲ. ಗಟ್ಟಿಯಾಗಿ ಓದಿ. ಅಪ್ಪ ಗಂಟನ್ನು ಬಿಗಿಯಾಗಿಯೇ ಹಾಕಿದ್ದರು, ಹಲ್ಲು ಹಾಕಿ ಬಿಚ್ಚಿದವನು ನಾನು ಎಂಬ ಈ ಒಂದು ಸಾಲನ್ನು ಮಾತ್ರ ಅವಳಿಗೆ ಎರಡು ಸಲ ಓದಿ.